ಓಣಿಯ ಸೆಖೆ ಅಳೆಯುವುದು ಹೇಗೆ

ಮುಂಬೈಯ ಬೋರಿವಲಿ ಪೂರ್ವದಲ್ಲಿ ನಮ್ಮದು ಏಳನೇ ಮಾಳಿಗೆ. ಮೇಲೆ ಟೆರೇಸು, ಅದರ ಮೇಲೆ ಸೂರ್ಯ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆಗೆ ಬೆನ್ನು ಒರಗಿಸಿದರೆ ದೋಸೆ ಕಾವಲಿ ಪಕ್ಕ ಕೂತ ಹಾಗೆ. ಫೋನಿನಲ್ಲಿ ಹೇಳಿಕೊಂಡರೆ ಕುಂದಾಪುರದ ಅಕ್ಕ, "ಇಲ್ಲೂ ಸೆಖೆಯೇ ಮಾರಾಯ್ತಿ" ಅನ್ನುತ್ತಾಳೆ. ಇರಬಹುದು. ಆದರೆ ಇಲ್ಲಿನ ಸೆಖೆಯಲ್ಲಿ ಒಂದು ಪಾಲು ನಾವೇ ಕಟ್ಟಿಕೊಂಡದ್ದು. ಅದನ್ನು ಮನೆಯಲ್ಲೇ ಅಳೆದು ನೋಡಬಹುದು.

ಒಂದೇ ಥರದ ಎರಡು ಡಿಜಿಟಲ್ ಥರ್ಮಾಮೀಟರ್ ತನ್ನಿ. ಗೋಡೆಗೆ ತೂಗುಹಾಕುವಂಥದ್ದು, ಜ್ವರ ನೋಡುವುದಲ್ಲ. ಮೊದಲ ದಿನ ಎರಡನ್ನೂ ಅಕ್ಕಪಕ್ಕ ಒಂದು ಗಂಟೆ ಇಡಿ. ನನ್ನದರಲ್ಲಿ ಒಂದು ಯಾವಾಗಲೂ ಅರ್ಧ ಡಿಗ್ರಿ ಜಾಸ್ತಿ ತೋರಿಸುತ್ತದೆ. ಅದರ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ, ಪ್ರತಿ ಸಲ ಕಳೆಯುತ್ತೇನೆ.

ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಶುರುವಿಗೆ ನಾನು ಬಾಲ್ಕನಿ ಗ್ರಿಲ್ಲಿಗೆ ಕಟ್ಟಿದ್ದೆ. ರಾತ್ರಿ ಹತ್ತಕ್ಕೆ 38! ಗಾಬರಿಯಾಗಿ ನಮ್ಮ ಬಿಲ್ಡಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿಗೇ ಹಾಕಿಬಿಟ್ಟೆ. ಮಾರನೇ ದಿನ ನೋಡಿದರೆ ಪಕ್ಕದ ಮನೆಯ ಏಸಿಯ ಹೊರಗಿನ ಯೂನಿಟ್ ನೇರ ಅದರ ಮೇಲೇ ಊದುತ್ತಿತ್ತು. ಮಾನ ಹೋಯಿತು, ವಿಷಯ ತಿಳಿಯಿತು. ಏಸಿ ಕೋಣೆಯ ಶಾಖವನ್ನು ಓಣಿಗೆ ಎಸೆಯುತ್ತದೆ, ತಾನು ತಿಂದ ಕರೆಂಟಿನ ಶಾಖವನ್ನೂ ಸೇರಿಸಿ.

ಹವಾಮಾನ ಇಲಾಖೆಯವರು ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇಡುತ್ತಾರೆ. ನಮಗೆ ಪೆಟ್ಟಿಗೆ ಬೇಡ. ಗೋಡೆಯಿಂದ ದೂರ ನಿಂತು, ಎದೆ ಮಟ್ಟದಲ್ಲಿ ದಾರದಿಂದ ಇಳಿಬಿಟ್ಟು ಹಿಡಿದು, ಹತ್ತು ನಿಮಿಷ ಕಾಯಿರಿ. ಮೈ ತಾಗಬಾರದು, ಉಸಿರೂ ತಾಗಬಾರದು.

ಮಧ್ಯಾಹ್ನ ಅಳೆದು ಸುಮ್ನೆ ಬೆವರಬೇಡಿ. ಊರಿನ ಶಾಖ ಚೆನ್ನಾಗಿ ಸಿಕ್ಕಿಬೀಳುವುದು ರಾತ್ರಿ. ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಸೂರ್ಯ ಮುಳುಗಿದ ಮೇಲೆ ನಿಧಾನಕ್ಕೆ ಕಕ್ಕುತ್ತವೆ. ಎದುರುಬದುರು ಎತ್ತರದ ಬಿಲ್ಡಿಂಗಿದ್ದರೆ ಆ ಶಾಖ ಆಕಾಶಕ್ಕೆ ಹೋಗಲು ದಾರಿ ಸಿಗದೆ ಅಲ್ಲೇ ಸುತ್ತುತ್ತದೆ. ಮರ ಇರುವ ಕಡೆ ನೆಲ ಅಷ್ಟು ಕಾದೇ ಇರುವುದಿಲ್ಲ. ಹಾಗಾಗಿ ರಾತ್ರಿ ಹತ್ತಕ್ಕೆ, ಇಲ್ಲವೇ ಬೆಳಕು ಹರಿಯುವ ಮುಂಚೆ ಅಳೆಯಿರಿ. ಮೋಡ, ಜೋರು ಗಾಳಿ ಇದ್ದ ದಿನ ವ್ಯತ್ಯಾಸ ಕಾಣುವುದು ಕಮ್ಮಿ, ಬಿಟ್ಟುಬಿಡಿ.

ನಾವು ಮಾಡುವುದು ಹೀಗೆ. ಬೆಳಗಿನ ಜಾವ ಒಂದೇ ಹೊತ್ತಿಗೆ ನಮ್ಮ ಮನೆಯವರು ಸ್ಟೇಷನ್ ರಸ್ತೆಯ ಹಾಲಿನ ಅಂಗಡಿ ಮುಂದೆ, ನಾನು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ. ಗೇಟಿನ ಹತ್ತಿರ ಅಳೆಯಬೇಡಿ, ಎದುರಿಗೇ ಹೈವೇ ಇದೆ. ಹತ್ತು ನಿಮಿಷ ಒಳಗೆ ನಡೆದು ಮರಗಳ ನಡುವೆ ನಿಲ್ಲಿ. ಜನವರಿಯಲ್ಲಿ ಒಂದು ದಿನ ಅವರದು 21, ನನ್ನದು 17. ನಾನು ಶಾಲು ಹೊದ್ದು ನಡುಗುತ್ತಿದ್ದೆ, ಅವರು ಬರೀ ಬನಿಯನ್ನಿನಲ್ಲಿ ಹಾಲು ತಂದರು.

ತಾರೀಕು, ಗಂಟೆ, ಜಾಗ, ಮೋಡ, ಗಾಳಿ: ಎಲ್ಲ ಬರೆದಿಡಿ. ಆದರೆ ಇದು ಓಣಿಯ ಲೆಕ್ಕ ಮಾತ್ರ. ಇಡೀ ಭೂಮಿಯೇ ಬಿಸಿಯಾಗುವುದು ಬೇರೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಶಾಖ ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಪಾಲಿತ್ತು, ಈಗ 420 ದಾಟಿದೆ. ಅದರ ಶಾಖ ಉದ್ಯಾನಕ್ಕೂ ಒಂದೇ, ಸ್ಟೇಷನ್ ರಸ್ತೆಗೂ ಒಂದೇ. ನಮ್ಮ ಎರಡು ಥರ್ಮಾಮೀಟರಿನ ವ್ಯತ್ಯಾಸದಲ್ಲಿ ಅದು ಕಾಣುವುದಿಲ್ಲ. ಹವಾಗುಣ ಅನ್ನಬೇಕಾದರೆ 30 ವರ್ಷದ ಸರಾಸರಿ ಬೇಕು. 1826ರಲ್ಲಿ ಶುರುವಾದ ಮುಂಬೈಯ ಕೊಲಾಬಾ ವೀಕ್ಷಣಾಲಯದಂಥವರಿಗೆ ಆ ಕೆಲಸ ಬಿಡಿ.

ಪುಸ್ತಕ ಹಿಡಿದು ಸೊಸೈಟಿ ಮೀಟಿಂಗಿಗೆ ಹೋದೆ. ಟೆರೇಸಿನ ಅರ್ಧಕ್ಕೆ ಬಿಳಿ ಬಣ್ಣ ಬಳಿಸಿದರು, ಬಿಸಿಲು ವಾಪಸ್ ಹೋಗಲಿ ಅಂತ. ಇನ್ನರ್ಧ ಪಾರ್ಕಿಂಗ್ ಜಗಳ ಮುಗಿದ ಮೇಲಂತೆ. ನಮ್ಮ ಮನೆ ಆ ಇನ್ನರ್ಧದ ಕೆಳಗೆ. ಇರಲಿ, ಒಂದು ಥರ್ಮಾಮೀಟರ್ ಬಿಳಿ ಕಡೆಯ ಮನೆಯಲ್ಲಿ ಇಟ್ಟು ಬಂದಿದ್ದೇನೆ. ಮುಂದಿನ ಮೀಟಿಂಗಿಗೆ ಬೇಕಾಗುತ್ತದಲ್ವಾ.