ಚಿನ್ನಿಯ ಕಾಯಿಲೆಗೆ ಇನ್ನೊಬ್ಬ ಡಾಕ್ಟರ ಮಾತು ಕೇಳಿದ್ದು

ನಮ್ಮ ಬೆಕ್ಕು ಚಿನ್ನಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಊಟ ಬಿಟ್ಟಳು, ಜ್ವರ ಇಳಿಯಲಿಲ್ಲ, ಮೈಯೆಲ್ಲ ಸೊರಗಿ ಹೊಟ್ಟೆ ಮಾತ್ರ ಉಬ್ಬಿತು. ರಕ್ತ ಪರೀಕ್ಷೆ ಮಾಡಿಸಿದ ಊರಿನ ಡಾಕ್ಟರು, "ಎಫ್‌ಐಪಿ ಅಮ್ಮಾ. ಇದಕ್ಕೆ ಔಷಧ ಇಲ್ಲ" ಅಂದರು. ಎಫ್‌ಐಪಿ ಅಂದರೆ ಫೆಲೈನ್ ಇನ್ಫೆಕ್ಷಿಯಸ್ ಪೆರಿಟೋನೈಟಿಸ್, ಬೆಕ್ಕುಗಳಿಗೆ ಬರುವ ಮಾರಕ ಕಾಯಿಲೆ.

ಯಾವ ಪರೀಕ್ಷೆಯಿಂದ ಗೊತ್ತಾಯ್ತು ಅಂತ ಕೇಳಿದೆ. ಕೊರೊನಾ ವೈರಸ್ಸಿನ ಆಂಟಿಬಾಡಿ, ಅಂದರೆ ಆ ವೈರಸ್ ವಿರುದ್ಧ ಮೈ ತಾನೇ ತಯಾರಿಸುವ ಪ್ರೋಟೀನು, ರಕ್ತದಲ್ಲಿ ಸಿಕ್ಕಿದೆ ಅಂದರು. ಈ ಪ್ರಶ್ನೆಯನ್ನು ಎಲ್ಲರೂ ಕೇಳಲೇಬೇಕು. ಬೆಕ್ಕಿನ ಕೊರೊನಾ ವೈರಸ್ ಬಹಳ ಬೆಕ್ಕುಗಳಲ್ಲಿ ಇರುತ್ತದೆ, ಹೆಚ್ಚೆಂದರೆ ಸ್ವಲ್ಪ ಭೇದಿ ಆಗಿ ಹೋಗುತ್ತದೆ. ಅದು ಮೈಯೊಳಗೇ ರೂಪ ಬದಲಿಸಿದಾಗ, ಅದೂ ಕೆಲವೇ ಬೆಕ್ಕುಗಳಲ್ಲಿ, ಎಫ್‌ಐಪಿ ಬರುತ್ತದೆ. ಹಾಗಾಗಿ ಬರೀ ಆಂಟಿಬಾಡಿ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

"ಡಾಕ್ಟ್ರೇ, ಮೈಸೂರಲ್ಲಿ ಇನ್ನೊಂದ್ಸಲ ತೋರಿಸ್ತೀನಿ, ರಿಪೋರ್ಟ್ ಎಲ್ಲ ಕೊಡ್ತೀರಾ?" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕೊಟ್ಟ ಔಷಧಗಳನ್ನೂ ಬರೆದುಕೊಟ್ಟರು. ಕೇಳಲು ಸಂಕೋಚ ಪಡುವವರು ಜಾಸ್ತಿ. ಆದರೆ ಈ ಕಾಗದಗಳಿಲ್ಲದಿದ್ದರೆ ಹೊಸ ಡಾಕ್ಟರು ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಗುತ್ತದೆ, ಅಲ್ವಾ?

ಜೋರು ಮಳೆ. ಬುಟ್ಟಿಗೆ ಟವೆಲ್ ಹಾಸಿ ಅವಳನ್ನು ಕೂರಿಸಿ, ಕುಶಾಲನಗರ, ಹುಣಸೂರು ದಾಟಿ ಮೈಸೂರು ಸೇರಿದೆವು. ಅಲ್ಲಿನ ಡಾಕ್ಟರು ಹೊಟ್ಟೆಯಿಂದ ಸಿರಿಂಜಿನಲ್ಲಿ ನೀರು ತೆಗೆದರು. ಹಳದಿ ಬಣ್ಣ, ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ಬೇರೊಂದು ಟ್ಯೂಬಿನಲ್ಲಿ ಬರೀ ನೀರು ತೆಗೆದುಕೊಂಡು, ಒಂದು ಹನಿ ಅಸೆಟಿಕ್ ಆಸಿಡ್ ಬೆರೆಸಿ, ಮೇಲಿಂದ ಹೊಟ್ಟೆಯಿಂದ ತೆಗೆದ ದ್ರವದ ಹನಿ ಬಿಟ್ಟರು. ಹನಿ ಕರಗಲಿಲ್ಲ. ಆಕಾರ ಬಿಡದೆ ನಿಧಾನವಾಗಿ ತಳಕ್ಕೆ ಇಳಿಯಿತು. ಇದು ರಿವಾಲ್ಟಾ ಪರೀಕ್ಷೆ. ಕರಗಿಬಿಟ್ಟಿದ್ದರೆ ಎಫ್‌ಐಪಿ ಇರುವ ಸಾಧ್ಯತೆ ತೀರಾ ಕಡಿಮೆ. ಕರಗದಿದ್ದರೂ ಅದೊಂದೇ ಸಾಲದು, ಬೇರೆ ಸೋಂಕಿನಲ್ಲೂ ಹೀಗಾಗಬಹುದು. ಅದಕ್ಕೇ ಅಲ್ಬುಮಿನ್ ಮತ್ತು ಗ್ಲೋಬುಲಿನ್ ಎಂಬ ಎರಡು ಪ್ರೋಟೀನುಗಳ ಅನುಪಾತವನ್ನೂ ನೋಡಿದರು. 0.4ಕ್ಕಿಂತ ಕಡಿಮೆ ಇದ್ದರೆ ಅನುಮಾನ ಬಲವಾಗುತ್ತದೆ. ಚಿನ್ನಿಯದು ಕಡಿಮೆಯೇ ಇತ್ತು.

ಅಂದರೆ ನಮ್ಮ ಊರಿನ ಡಾಕ್ಟರು ಹೇಳಿದ ಕಾಯಿಲೆಯೇ ನಿಜ. ಬದಲಾಗಿದ್ದು ಮುಂದಿನ ದಾರಿ. 2019ರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ನೀಲ್ಸ್ ಪೆಡರ್ಸನ್ ಅವರ ತಂಡ ಜಿಎಸ್-441524 ಎಂಬ ಔಷಧವನ್ನು ಎಫ್‌ಐಪಿ ಬಂದ 31 ಬೆಕ್ಕುಗಳಿಗೆ ಕೊಟ್ಟು, 25 ಉಳಿದುಕೊಂಡದ್ದನ್ನು ಪ್ರಕಟಿಸಿತ್ತು. ಕೋವಿಡ್ ಸಮಯದಲ್ಲಿ ನಾವೆಲ್ಲ ಹೆಸರು ಕೇಳಿದ ರೆಮ್ಡೆಸಿವಿರ್ ಮೈಯೊಳಗೆ ಹೋಗಿ ಇದೇ ಔಷಧವಾಗಿ ಬದಲಾಗುತ್ತದೆ. ನಮಗೆ ಆ ಇಂಜೆಕ್ಷನ್ ಬರೆದುಕೊಟ್ಟರು, 84 ದಿನದ ಕೋರ್ಸು. ಸೂಜಿ ಚುಚ್ಚಿದಾಗ ಅವಳಿಗೆ ಉರಿಯುತ್ತಿತ್ತು, ನೋಡಲು ಆಗುತ್ತಿರಲಿಲ್ಲ. ಆದರೆ ಮೊದಲ ವಾರದಲ್ಲೇ ಜ್ವರ ಬಿಟ್ಟು, ಮೀನಿನ ವಾಸನೆಗೆ ತಾನೇ ಎದ್ದು ಬಂದಳು.

ಔಷಧದ ಪ್ರಮಾಣ ತೂಕದ ಲೆಕ್ಕ. ಬೆಕ್ಕು ಚೇತರಿಸಿಕೊಂಡು ದಪ್ಪ ಆದಂತೆ ಡೋಸ್ ಕೂಡ ಏರಬೇಕು, ಹಳೆಯ ಲೆಕ್ಕದಲ್ಲೇ ಕೊಟ್ಟರೆ ಕಾಯಿಲೆ ಮರುಕಳಿಸಬಹುದು. ಕಾಳುಮೆಣಸು ತೂಗುವ ತಕ್ಕಡಿಯಲ್ಲೇ ವಾರಕ್ಕೊಮ್ಮೆ ಅವಳನ್ನೂ ತೂಗಿ ಫೋನಿನಲ್ಲಿ ಹೇಳುತ್ತಿದ್ದೆ. ಇಂಜೆಕ್ಷನ್ ಹಾಕಿದ್ದು ನಮ್ಮ ಊರಿನ ಡಾಕ್ಟರೇ. ಮೈಸೂರಿನವರೊಂದಿಗೆ ಅವರೇ ಮಾತಾಡಿ ಎಲ್ಲ ತಿಳಿದುಕೊಂಡರು.

ಕೋರ್ಸು ಮುಗಿದಿದೆ. ಔಷಧ ನಿಲ್ಲಿಸಿದ ಮೇಲೆ ಇನ್ನೂ 84 ದಿನ ನಿಗಾ ಇಡಬೇಕು, ಈಗ ಅದು ನಡೆಯುತ್ತಿದೆ. ಮುಂದಿನ ರಕ್ತ ಪರೀಕ್ಷೆಯನ್ನು ಊರಿನಲ್ಲೇ ಮಾಡಿಸುತ್ತೇವೆ.