ಬಾರ್ಸಿಲೋನಾಕ್ಕೆ ಹೊರಟಿದ್ದೀರಾ? ರಾತ್ರಿ ಊಟ ಒಂಬತ್ತಕ್ಕೆ

ಬಾರ್ಸಿಲೋನಾದ ಮೊದಲ ಸಂಜೆ, ಆರೂವರೆಗೆಲ್ಲ ಹೊಟ್ಟೆ ಚುರುಗುಟ್ಟಿ ಒಂದು ಹೋಟೆಲಿಗೆ ನುಗ್ಗಿದೆವು. ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿದ್ದವು. ನೆಲ ಒರೆಸುತ್ತಿದ್ದವರು ಗೋಡೆ ಗಡಿಯಾರ ತೋರಿಸಿ, ಎಂಟೂವರೆಗೆ ಬನ್ನಿ ಅಂತ ಸನ್ನೆ ಮಾಡಿದರು. ಅಲ್ಲಿ ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದು ಒಂಬತ್ತಕ್ಕೆ, ಕ್ಲಬ್ಬಿನಲ್ಲಿ ಜನ ತುಂಬುವುದು ನಡುರಾತ್ರಿ ಕಳೆದು ಎರಡಕ್ಕೆ. ಇದಕ್ಕೆ ಒಗ್ಗಿಕೊಂಡರೆ ಎಲ್ಲ ಸಲೀಸು, ಇಲ್ಲದಿದ್ದರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ.

ಸಗ್ರಾದಾ ಫಮೀಲಿಯಾ ಚರ್ಚಿನ ಟಿಕೆಟ್ ಬಾಗಿಲಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ದಿನ, ಹೊತ್ತು ಆರಿಸಿ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಬೇಕು. 1882ರಲ್ಲಿ ಶುರುವಾದ ಕಟ್ಟಡ ಇದು. ಮರುವರ್ಷ ವಾಸ್ತುಶಿಲ್ಪಿ ಆಂಟೊನಿ ಗೌಡಿ ಕೈಗೆ ಬಂತು (ನಮ್ಮ ಗೌಡರಿಗೂ ಇವರಿಗೂ ಸಂಬಂಧ ಇಲ್ಲ!). 1926ರಲ್ಲಿ ಟ್ರಾಮ್ ಬಡಿದು ಅವರು ತೀರಿಕೊಂಡರು, ಕೆಲಸ ಮಾತ್ರ ಆಮೇಲೂ ನಡೆಯುತ್ತಲೇ ಬಂತು. ಹೊತ್ತು ಆರಿಸುವುದರಲ್ಲೇ ಗುಟ್ಟು ಇರುವುದು. ಪೂರ್ವದ ಕಿಟಕಿಗಳ ಗಾಜು ನೀಲಿ, ಹಸಿರು. ಪಶ್ಚಿಮದ್ದು ಕೆಂಪು, ಕಿತ್ತಳೆ. ಬೆಳಗ್ಗೆ ಹೋದರೆ ನೀರೊಳಗೆ ನಿಂತ ಹಾಗೆ, ಸಂಜೆ ಹೋದರೆ ಮರದ ಹಾಗೆ ಕವಲೊಡೆದ ಕಂಬಗಳಿಗೆಲ್ಲ ಕುಂಕುಮ ಎರಚಿದ ಹಾಗೆ. ನನ್ನ ಮತ ಸಂಜೆಗೆ. ಆದರೆ ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ, ನೋಡಿಕೊಂಡು ಬುಕ್ ಮಾಡಿ. ಗೌಡಿಯೇ ರೂಪಿಸಿದ ಉದ್ಯಾನ ಪಾರ್ಕ್ ಗುಯೆಲ್‌ಗೂ ಹೀಗೇ ಹೊತ್ತು ಗೊತ್ತುಮಾಡಿದ ಟಿಕೆಟ್.

ಹಳೇ ಊರು ಬಾರಿ ಗೋಟಿಕ್ ಸುತ್ತಲು ಟಿಕೆಟ್ಟೇ ಬೇಡ, ಸುಮ್ನೆ ದಾರಿ ತಪ್ಪಿಸಿಕೊಳ್ಳಿ. ಸಾಂಟ್ ಫೆಲಿಪ್ ನೇರಿ ಅನ್ನುವ ಪುಟ್ಟ ಚೌಕ ಮಾತ್ರ ಹುಡುಕಿಕೊಂಡು ಹೋಗಿ. ಅಲ್ಲಿನ ಚರ್ಚಿನ ಗೋಡೆ ತುಂಬ ಗುಳಿಗಳು. 1938ರಲ್ಲಿ, ಅಂತರ್ಯುದ್ಧದ ಹೊತ್ತಿನಲ್ಲಿ, ಬಿದ್ದ ಬಾಂಬಿನ ಗುರುತು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಪಕ್ಕದಲ್ಲೇ ಈಗ ಒಂದು ಶಾಲೆ ಇದೆ, ಬಿಡುವಿನಲ್ಲಿ ಮಕ್ಕಳು ಆ ಗೋಡೆಗೇ ಚೆಂಡು ಹೊಡೆದು ಆಡುತ್ತಾರೆ.

ಶಾಪಿಂಗನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ, ಬಹುಪಾಲು ಅಂಗಡಿಗಳು ಬಂದ್. ಪಸೇಜ್ ದೆ ಗ್ರಾಸಿಯಾ ರಸ್ತೆ ದೊಡ್ಡ ಬ್ರಾಂಡುಗಳದ್ದು, ಕಿಟಕಿ ನೋಡಲು ಚೆಂದ, ಪರ್ಸಿಗೆ ಅಲ್ಲ. ಜನವರಿಯಲ್ಲೂ ಜುಲೈಯಲ್ಲೂ ಹೋದರೆ ರಿಯಾಯಿತಿ ಮಾರಾಟ ಸಿಗುತ್ತದೆ. ಯುರೋಪಿನ ಹೊರಗಿನಿಂದ ಬಂದವರು ಪಾಸ್‌ಪೋರ್ಟ್ ತೋರಿಸಿ ತೆರಿಗೆ ವಾಪಸಾತಿಯ ಚೀಟಿ ಕೇಳಿ, ವಿಮಾನ ನಿಲ್ದಾಣದ ಯಂತ್ರದಲ್ಲಿ ಅದನ್ನು ಸ್ಕ್ಯಾನ್ ಮಾಡಿಸಬೇಕು. ನನಗೆ ಇಷ್ಟವಾದದ್ದು ಗ್ಲೋರಿಯೆಸ್ ಚೌಕದ ಹತ್ತಿರದ ಎನ್ಕಾಂಟ್ಸ್ ಸಂತೆ. ಸೋಮ, ಬುಧ, ಶುಕ್ರ, ಶನಿ ಮಾತ್ರ. ಮೇಲೆ ಕನ್ನಡಿಯ ಚಾವಣಿ, ಕೆಳಗೆ ನೆಲದ ಮೇಲೆ ಹರಡಿದ ಹಳೇ ಬೀಗ, ಯಾರದೋ ಮದುವೆ ಫೋಟೋ, ಮುರಿದ ಗಿಟಾರು. ಚಿಕ್ಕಪೇಟೆಯಲ್ಲಿ ಪಳಗಿದವರು ಧಾರಾಳವಾಗಿ ಚೌಕಾಸಿ ಮಾಡಬಹುದು.

ಸಸ್ಯಾಹಾರಿಗಳು ಹುಷಾರು. ಮಾಂಸ ಬೇಡ ಅಂದರೆ ಟ್ಯೂನಾ ಮೀನು ಹಾಕಿ ತರುವವರಿದ್ದಾರೆ, ಮೀನೂ ಬೇಡ, ಹಂದಿಯೂ ಬೇಡ ಅಂತ ಬಿಡಿಸಿ ಹೇಳಿ. ಎಸ್ಕಲಿವಾದಾ ಕೇಳಿ ನೋಡಿ: ಸುಟ್ಟ ಬದನೆ, ದೊಣ್ಣೆಮೆಣಸಿನಕಾಯಿ, ಮೇಲೆ ಎಣ್ಣೆ. ನಮ್ಮ ಸುಟ್ಟ ಬದನೆ ಗೊಜ್ಜಿನ ದೂರದ ನೆಂಟ. ಕೆಲವು ಕಡೆ ಬ್ರೆಡ್ಡು, ಬೆಳ್ಳುಳ್ಳಿ, ಟೊಮೆಟೊ ಹಾಗೇ ಮುಂದಿಟ್ಟು ಹೋಗುತ್ತಾರೆ. ಬೆಪ್ಪಾಗಬೇಡಿ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಟೊಮೆಟೊ ಅರ್ಧ ಮಾಡಿ ಸಿಪ್ಪೆ ಮಾತ್ರ ಉಳಿಯುವವರೆಗೆ ತಿಕ್ಕಿ, ಎಣ್ಣೆ, ಉಪ್ಪು ಹಾಕಿಕೊಳ್ಳಿ. ಅದೇ ಪಾ ಅಂಬ್ ತುಮಾಕಟ್. ಜೇಬಿಗೆ ಹಗುರ ಬೇಕಾದರೆ ವಾರದ ದಿನ ಮಧ್ಯಾಹ್ನ 'ಮೆನು ದೆಲ್ ದಿಯಾ' ಕೇಳಿ, ಎರಡು ಬಗೆ, ಜೊತೆಗೆ ಸಿಹಿ, ಎಲ್ಲ ಒಂದೇ ಬೆಲೆಗೆ.

ಕಳ್ಳರ ವಿಷಯ ಉತ್ಪ್ರೇಕ್ಷೆ ಅಲ್ಲ. ಮೆಟ್ರೋದಲ್ಲಿ ನನ್ನ ಬೆನ್ನಿನ ಬ್ಯಾಗಿನ ಜಿಪ್ ಪೂರ್ತಿ ತೆರೆದಿತ್ತು, ಗೊತ್ತೇ ಆಗಲಿಲ್ಲ. ಪುಣ್ಯಕ್ಕೆ ಒಳಗಿದ್ದದ್ದು ಚಕ್ಕುಲಿ. ಬ್ಯಾಗ್ ಎದೆಗೆ ಹಾಕಿಕೊಳ್ಳಿ, ಕೆಫೆಯ ಮೇಜಿನ ಮೇಲೆ ಫೋನ್ ಇಡಬೇಡಿ.

ರಾತ್ರಿಗೆ ಗ್ರಾಸಿಯಾ ಬಡಾವಣೆಯ ಚೌಕಗಳು ಹರಟೆಗೆ ಚೆನ್ನ. ಕುಣಿಯಬೇಕಾದರೆ ಪೊಬ್ಲೆನೌ ಬಡಾವಣೆಯ ರಾಜ್‌ಮಟಾಜ್ ಕ್ಲಬ್ಬು, ಒಳಗೆ ಐದು ಹಾಲ್‌ಗಳು, ಐದರಲ್ಲೂ ಬೇರೆ ಬೇರೆ ಸಂಗೀತ. ಹನ್ನೊಂದಕ್ಕೇ ಕ್ಲಬ್ಬಿಗೆ ಹೋದರೆ ನೀವು ಮತ್ತು ಬಾರಿನವರು ಮಾತ್ರ. ಬಿಯರ್ ಕ್ಯಾನ್ ಹಿಡಿದು ಬೀದಿಯಲ್ಲಿ ಕುಡಿದರೆ ದಂಡ ಬೀಳಬಹುದು. ಮೆಟ್ರೋ ವಾರದ ದಿನ ಹನ್ನೆರಡಕ್ಕೆ, ಶುಕ್ರವಾರ ಎರಡಕ್ಕೆ ನಿಲ್ಲುತ್ತದೆ. ಶನಿವಾರ ರಾತ್ರಿಯಿಡೀ ಓಡುತ್ತದೆ, ಹಾಗಾಗಿ ಕುಣಿತಕ್ಕೆ ಶನಿವಾರವೇ ಸರಿ. ಭಾನುವಾರ ಹೇಗೂ ಅಂಗಡಿ ಇಲ್ಲ, ಬೇಕಾದಷ್ಟು ಮಲಗಿ. ಹನ್ನೆರಡಕ್ಕೆ ಎದ್ದರೂ ತಡ ಅನ್ನುವವರಿಲ್ಲ. ಊರವರು ಆಗ ತಾನೇ ಆಲಿವ್ ಕಾಯಿ, ಚಿಪ್ಸು ಮುಂದಿಟ್ಟುಕೊಂಡು ವೆರ್ಮುತ್ ಅನ್ನುವ ಗಿಡಮೂಲಿಕೆ ಬೆರೆಸಿದ ವೈನ್‌ಗೆ ಕೂತಿರುತ್ತಾರೆ.