ಬೆಳ್ಳಗಿರುವುದೆಲ್ಲ ಹಾಲಲ್ಲ: ನಿಮ್ಮ ಮುಖಕ್ಕೆ ಯಾವ ಬಿಳಿ?

ಹೊಸ ಬಿಳಿ ಶರ್ಟ್ ಹಾಕಿಕೊಂಡು ಹೋದ ದಿನ ಮೂರು ಜನ ನನ್ನನ್ನು "ಹುಷಾರಿಲ್ವಾ?" ಅಂತ ಕೇಳಿದರು. ಜ್ವರ ಇರಲಿಲ್ಲ, ನಿದ್ದೆಯೂ ಚೆನ್ನಾಗೇ ಆಗಿತ್ತು. ಬಿಳಿ ನನಗೆ ಆಗಿಬರಲ್ಲ ಅಂತ ತೀರ್ಮಾನ ಮಾಡಿ ಆ ಶರ್ಟನ್ನು ಬೀರುವಿನ ಮೂಲೆಗೆ ಹಾಕಿದೆ. ಆಮೇಲೆ ತಿಳಿಯಿತು, ಆಗಿಬರದೇ ಇದ್ದದ್ದು ಆ ಒಂದು ಬಿಳಿ ಮಾತ್ರ.

ಸೀಸನಲ್ ಕಲರ್ ಅನಾಲಿಸಿಸ್ ಹೇಳುವುದೂ ಇದನ್ನೇ. ಇಲ್ಲಿ ಸೀಸನ್ ಅಂದರೆ ಹೊರಗಿನ ಹವೆ ಅಲ್ಲ. ನಿಮ್ಮ ಚರ್ಮ, ಕೂದಲು, ಕಣ್ಣು ಮೂರೂ ಸೇರಿ ಕಾಣುವ ಬಣ್ಣಕ್ಕೆ ಇಟ್ಟ ಹೆಸರು. ನೋಡುವುದು ಮೂರು ವಿಷಯ: ಮೈಬಣ್ಣದ ಒಳಛಾಯೆ ಹಳದಿ ಕಡೆಗಿದೆಯಾ ನೀಲಿ-ಗುಲಾಬಿ ಕಡೆಗಿದೆಯಾ, ಒಟ್ಟು ಬಣ್ಣ ಗಾಢವಾ ತಿಳಿಯಾ, ಎದ್ದು ಕಾಣುತ್ತದಾ ಮೆತ್ತಗಿದೆಯಾ. ಸೀಸನ್ ನಾಲ್ಕು: ವಿಂಟರ್ ಮತ್ತು ಸಮ್ಮರ್ ತಂಪು, ಅಂದರೆ ನೀಲಿ-ಗುಲಾಬಿ ಕಡೆ; ಸ್ಪ್ರಿಂಗ್ ಮತ್ತು ಆಟಮ್ ಬೆಚ್ಚಗೆ, ಅಂದರೆ ಹಳದಿ ಕಡೆ. ಪ್ರತಿಯೊಂದನ್ನೂ ಮೂರು ಮೂರು ಮಾಡಿ 12 ಸೀಸನ್ ಎಣಿಸುವವರಿದ್ದಾರೆ, ಆದರೆ ಬಿಳಿ ಆರಿಸುವುದಕ್ಕೆ ನಾಲ್ಕು ಗೊತ್ತಿದ್ದರೆ ಧಾರಾಳವಾಯಿತು. 1919ರಿಂದ 1923ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡಿದ ಕಲಾವಿದ ಯೋಹಾನೆಸ್ ಇಟ್ಟೆನ್, ವಿದ್ಯಾರ್ಥಿಗಳು ಇಷ್ಟಪಟ್ಟು ಆರಿಸುವ ಬಣ್ಣಕ್ಕೂ ಅವರ ಮೈಬಣ್ಣ, ಕೂದಲಿಗೂ ನಂಟಿರುವುದನ್ನು ಗಮನಿಸಿದ್ದರು. ಇದು ಕಟ್ಟುನಿಟ್ಟಿನ ವಿಜ್ಞಾನ ಅಂತ ನಾನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವುದನ್ನು ಗಮನಿಸುವ ಅಭ್ಯಾಸ, ಅಷ್ಟೇ.

ಇನ್ನೊಂದು ಮಾತು. ಕಪ್ಪು, ಕಂದು ಮೈಬಣ್ಣದವರನ್ನೆಲ್ಲ ಸುಮ್ನೆ ವಿಂಟರ್‌ಗೋ ಆಟಮ್‌ಗೋ ತಳ್ಳುವ ಚಾರ್ಟ್‌ಗಳು ಬೇಕಾದಷ್ಟಿವೆ. ನಂಬಬೇಡಿ. ಮಣಿಕಟ್ಟಿನ ನರ ನೀಲಿಯೋ ಹಸಿರೋ ಅಂತ ನೋಡುವ ಪರೀಕ್ಷೆಯನ್ನೂ ನಾನು ನಂಬುವುದಿಲ್ಲ. ನನ್ನ ಕೈಯಲ್ಲಿ ಎರಡೂ ಕಾಣುತ್ತವೆ.

ಅದರ ಬದಲು ಹೀಗೆ ಮಾಡಿ. ಹಗಲು ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಮುಂದೆ ಕನ್ನಡಿ ಹಿಡಿದು ಕೂತುಕೊಳ್ಳಿ. ಮೇಕಪ್ ಬೇಡ. ಕೂದಲಿಗೆ ಬಣ್ಣ ಹಾಕಿದ್ದರೆ ಬಟ್ಟೆ ಕಟ್ಟಿ ಮುಚ್ಚಿ. ಟ್ಯೂಬ್‌ಲೈಟ್ ಆಫ್ ಮಾಡಿ. ಈಗ ಪ್ರಿಂಟರ್‌ಗೆ ಹಾಕುವ A4 ಹಾಳೆಯನ್ನು ಗದ್ದದ ಕೆಳಗೆ ಹಿಡಿಯಿರಿ, ಆಮೇಲೆ ಅದನ್ನು ತೆಗೆದು ಬ್ಲೀಚ್ ಮಾಡದ ಹತ್ತಿ ಬಟ್ಟೆಯೋ ಕೆನೆ ಬಣ್ಣದ ಟವಲ್ಲೋ ಹಿಡಿಯಿರಿ. ಬೇಗ ಬೇಗ ಬದಲಾಯಿಸುತ್ತಾ ಹೋಗಿ. ಬಟ್ಟೆ ಚೆನ್ನಾಗಿದೆಯಾ ಅಂತ ನೋಡಬೇಡಿ, ಎಲ್ಲರೂ ಎಡವುವುದು ಅಲ್ಲೇ. ಕಣ್ಣ ಕೆಳಗಿನ ಕಪ್ಪು ನೋಡಿ, ತುಟಿಯ ಸುತ್ತ ನೋಡಿ, ಗದ್ದದ ಗೆರೆ ನೋಡಿ. ಸರಿಯಾದ ಬಿಳಿಯಲ್ಲಿ ಕನ್ನಡಿ ನೋಡಿದ ತಕ್ಷಣ ಕಣ್ಣು ನಿಮ್ಮ ಮುಖಕ್ಕೆ ಹೋಗುತ್ತದೆ, ತಪ್ಪು ಬಿಳಿಯಲ್ಲಿ ಮೊದಲು ಬಟ್ಟೆ ಕಾಣುತ್ತದೆ, ಮುಖ ಅದರ ಮೇಲೆ ಮಂಕಾಗಿ ಕೂತಿರುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಹೋಲಿಸಬೇಡಿ, ಕ್ಯಾಮೆರಾ ತಾನಾಗಿಯೇ ಬಿಳಿಯನ್ನು ಸರಿಮಾಡಿಬಿಡುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ ಅಂದರೆ, ಬಿಳಿ ಬಟ್ಟೆ ಬೆಳಕನ್ನು ವಾಪಸ್ ಮುಖದ ಮೇಲೆ ಎಸೆಯುತ್ತದೆ. ಫೋಟೊ ಸ್ಟುಡಿಯೋದಲ್ಲಿ ಬಿಳಿ ಬೋರ್ಡ್ ಹಿಡಿಯುತ್ತಾರಲ್ವಾ, ಹಾಗೆ.

A4 ಹಾಳೆ ಗೆದ್ದರೆ ನೀವು ಬಹುಶಃ ವಿಂಟರ್. ಅಚ್ಚ ಬಿಳಿ ನಿಮ್ಮದು, ಕಪ್ಪಿನ ಜೊತೆ ಹಾಕಿದರೆ ಇನ್ನೂ ಚೆನ್ನ. ಹಾಳೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿ, ಕೆನೆ ಬಣ್ಣ ಹಿಡಿದರೆ ಮುಖ ಹಳದಿಗೆ ತಿರುಗಿದರೆ ಸಮ್ಮರ್. ಒಗೆದು ಒಗೆದು ಮೆದುವಾದ ಹಳೇ ಬೆಡ್‌ಶೀಟಿನ ಬಿಳಿ ನೆನಪಿಸಿಕೊಳ್ಳಿ, ಹಳದಿ ಇಲ್ಲ, ಹೊಳಪೂ ಇಲ್ಲ, ಅದು ನಿಮ್ಮದು. ಕೆನೆ ಬಣ್ಣ ಗೆದ್ದರೆ ಇನ್ನೊಂದು ಸುತ್ತು ಬೇಕು: ತಿಳಿಯಾದ, ಶುಭ್ರವಾದ ಐವರಿಯಲ್ಲಿ ಮುಖ ಅರಳಿದರೆ ಸ್ಪ್ರಿಂಗ್, ಕಚ್ಚಾ ಹತ್ತಿಯ ಹಾಗೆ ಸ್ವಲ್ಪ ಮಣ್ಣಿನ ಛಾಯೆ ಇರುವ ಬಿಳಿಯಲ್ಲಿ ಅರಳಿದರೆ ಆಟಮ್. ನಾನು ಆಟಮ್. ಹಾಳೆ ಹಿಡಿದರೆ ಕಣ್ಣ ಕೆಳಗೆ ಯಾರೋ ಕಾಡಿಗೆ ಒರೆಸಿದ ಹಾಗೆ ಕಾಣುತ್ತದೆ.

ಅಂಗಡಿಗೆ ಹೋಗುವಾಗ ಆ A4 ಹಾಳೆಯನ್ನೇ ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಒಂದೇ ಇದ್ದಾಗ ಎಲ್ಲ ಬಿಳಿಯೂ ಬಿಳಿಯೇ. ಪಕ್ಕದಲ್ಲಿ ಹಾಳೆ ಇಟ್ಟ ಕೂಡಲೇ ಅದರ ಒಳಗಿನ ಹಳದಿ, ಬೂದಿ, ಗುಲಾಬಿ ಹೊರಗೆ ಬರುತ್ತದೆ. ಬಟ್ಟೆಯ ನೇಯ್ಗೆಯನ್ನೂ ನೋಡಿ. ಲಿನನ್‌ನಂಥ ಒರಟು ಬಟ್ಟೆಯ ಎಳೆಗಳ ನಡುವೆ ಸಣ್ಣ ಸಣ್ಣ ನೆರಳಿರುತ್ತದೆ, ಅದರಲ್ಲಿ ಅಚ್ಚ ಬಿಳಿಯೂ ಸ್ವಲ್ಪ ತಗ್ಗುತ್ತದೆ; ಅದೇ ಬಿಳಿ ಸ್ಯಾಟಿನ್‌ನಲ್ಲಿ ಕಣ್ಣು ಚುಚ್ಚುತ್ತದೆ.

ಇನ್ನು ಒಗೆತ. ಬಹಳಷ್ಟು ಸೋಪಿನ ಪುಡಿಗಳಲ್ಲಿ ಆಪ್ಟಿಕಲ್ ಬ್ರೈಟ್ನರ್ ಇರುತ್ತದೆ. ಅದು ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನು ಹೀರಿಕೊಂಡು ನೀಲಿ ಬೆಳಕಾಗಿ ಬಿಡುತ್ತದೆ, ಅದಕ್ಕೇ ಬಿಳಿ ಬಟ್ಟೆ ಬಿಸಿಲಿನಲ್ಲಿ ಫಳಫಳ ಅನ್ನುವುದು. ವಿಂಟರ್‌ನವರಿಗೆ ಒಳ್ಳೆಯದೇ. ಆದರೆ ಕಾಸು ಕೊಟ್ಟು ಹುಡುಕಿ ತಂದ ಕೆನೆ ಬಣ್ಣದ ಕುರ್ತಾ ಅದರಲ್ಲಿ ಒಗೆದೂ ಒಗೆದೂ ತಂಪು ಬಿಳಿಯ ಕಡೆಗೆ ಜಾರುತ್ತದೆ. ಕೆನೆ, ಐವರಿ ಬಟ್ಟೆಗಳಿಗೆ ಬ್ರೈಟ್ನರ್ ಇಲ್ಲದ ಲಿಕ್ವಿಡ್ ಬಳಸಿ, ನೀಲಿಯಂತೂ ಹಾಕಲೇಬೇಡಿ.

ತಪ್ಪು ಬಿಳಿ ಈಗಾಗಲೇ ಮನೆಯಲ್ಲಿದ್ದರೆ ಬಿಸಾಡುವ ಅಗತ್ಯ ಇಲ್ಲ. ಪ್ಯಾಂಟು, ಸ್ಕರ್ಟು ಯಾವ ಬಿಳಿಯಾದರೂ ನಡೆಯುತ್ತದೆ, ಮುಖದಿಂದ ದೂರ ಇದೆ. ಶರ್ಟಾದರೆ ಮೇಲಿನ ಎರಡು ಗುಂಡಿ ಬಿಚ್ಚಿ, ಇಲ್ಲವೇ ನಿಮ್ಮ ಬಣ್ಣದ ಸ್ಕಾರ್ಫ್ ಸುತ್ತಿ, ಗದ್ದಕ್ಕೂ ಬಿಳಿಗೂ ನಡುವೆ ಏನಾದರೂ ಬಂದರೆ ಸಾಕು. ಅದೂ ಸಾಲದಿದ್ದರೆ, ಹತ್ತಿ ಬಟ್ಟೆಯಾದರೆ, ಚಹಾ. ಹಾಲು ಸಕ್ಕರೆ ಹಾಕದ ಕಡು ಡಿಕಾಕ್ಷನ್ ದೊಡ್ಡ ಪಾತ್ರೆಯಲ್ಲಿ ಮಾಡಿ, ಸೋಸಿ, ಒದ್ದೆ ಬಟ್ಟೆಯನ್ನು ಪೂರ್ತಿ ಮುಳುಗಿಸಿ, ಕಲೆ ಕಲೆ ಆಗದಂತೆ ತಿರುಗಿಸುತ್ತಾ ಇರಿ. ಒದ್ದೆಯಲ್ಲಿ ಕಂಡದ್ದಕ್ಕಿಂತ ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಮೊದಲು ಹಳೇ ಚಿಂದಿಯಲ್ಲಿ ನೋಡಿಕೊಳ್ಳಿ. ಒಗೆತಕ್ಕೆ ಸ್ವಲ್ಪ ಸ್ವಲ್ಪ ಬಿಡುತ್ತದೆ, ಮತ್ತೆ ಅದ್ದಬಹುದು. ಪಾಲಿಯೆಸ್ಟರ್‌ಗೆ ಮಾತ್ರ ಚಹಾ ಹಿಡಿಯುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಆ "ಹುಷಾರಿಲ್ವಾ" ಶರ್ಟಿನಿಂದಲೇ. ಬಟ್ಟೆ ಚೆಂದದ ಕೆನೆ ಬಣ್ಣಕ್ಕೆ ಬಂತು, ಹೊಲಿಗೆಯ ದಾರ ಪಾಲಿಯೆಸ್ಟರ್ ಆದ್ದರಿಂದ ಅಚ್ಚ ಬಿಳಿಯಾಗೇ ಉಳಿಯಿತು. ಕಾಲರಿನ ಸುತ್ತ ಬಿಳಿ ಗೆರೆ ಈಗಲೂ ಇದೆ, ನೋಡಿದವರು ಡಿಸೈನ್ ಅಂದುಕೊಳ್ಳುತ್ತಾರೆ, ನಾನೂ ಹೌದು ಅಂತೀನಿ.